ಬಿಲ್ ವಿದರ್ಸ್ ಹಾಡಿದ ‘ಏಂಟ್ ನೋ ಸನ್‌ಶೈನ್’: ಪದೇ ಪದೇ ಕೇಳುವ ಪ್ರಶ್ನೆಗಳು

‘ಏಂಟ್ ನೋ ಸನ್‌ಶೈನ್’ (ಅಂದರೆ ‘ಬಿಸಿಲೇ ಇಲ್ಲ’) 1971ರ ಅಮೆರಿಕನ್ ಸೋಲ್ ಹಾಡು. ಸೋಲ್ ಅಂದರೆ ಅಲ್ಲಿನ ಕಪ್ಪು ಜನರ ಚರ್ಚಿನ ಗಾಯನದಿಂದ ಬೆಳೆದ ಒಂದು ಸಂಗೀತ ಶೈಲಿ. ಬರೆದು ಹಾಡಿದ್ದು ಬಿಲ್ ವಿದರ್ಸ್. ಇಡೀ ಹಾಡು ಎರಡು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮೊದಲ ಸಲ ಕೇಳಿದವರು ಸಾಮಾನ್ಯವಾಗಿ ಕೂಡಲೇ ಇನ್ನೊಂದು ಸಲ ಹಾಕುತ್ತಾರೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಅವುಗಳಿಗೆ ಉತ್ತರ ಇಲ್ಲಿದೆ.

ಹಾಡಿನ ಕಥೆ ಏನು?

ಕಥೆ ತುಂಬಾ ಚಿಕ್ಕದು. ಅವಳು ಮನೆ ಬಿಟ್ಟು ಹೋಗಿದ್ದಾಳೆ. ಇದು ಮೊದಲ ಸಲ ಏನಲ್ಲ. ಹೋದರೆ ಬೇಗ ಬರುವವಳೂ ಅಲ್ಲ. ಈ ಸಲ ಬರುತ್ತಾಳೋ ಇಲ್ಲವೋ ಅಂತ ಅವನಿಗೆ ಅನುಮಾನ. ಅವಳಿಲ್ಲದೆ ಬಿಸಿಲಿಲ್ಲ, ಮನೆ ಮನೆಯ ಹಾಗಿಲ್ಲ.

ಅವಳ ಹೆಸರೇನು, ಯಾಕೆ ಹೋದಳು, ತಪ್ಪು ಯಾರದ್ದು, ಒಂದನ್ನೂ ಹೇಳುವುದಿಲ್ಲ. ಅವಳನ್ನು ಬೈಯುವುದಿಲ್ಲ. ‘ವಾಪಸ್ ಬಾ’ ಅಂತ ಬೇಡುವುದೂ ಇಲ್ಲ. ಅವಳ ಜೊತೆ ಮಾತೇ ಆಡುವುದಿಲ್ಲ, ಅವಳ ಬಗ್ಗೆ ತನ್ನಷ್ಟಕ್ಕೆ ತಾನು ಹೇಳಿಕೊಳ್ಳುತ್ತಾನೆ. ಪ್ರೀತಿ ಪೂರ್ತಿ ಮುಗಿದುಹೋಗಿದೆ ಅಂತಲೂ ಹೇಳಲಾಗದು. ಹೋಗುವುದು, ಬರುವುದು, ಮತ್ತೆ ಹೋಗುವುದು. ಆ ಸುತ್ತಿನಲ್ಲಿ ಸಿಕ್ಕಿಕೊಂಡವನ ಹಾಡು ಇದು.

ಬಿಲ್ ವಿದರ್ಸ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು ಅನ್ನೋದು ನಿಜವಾ?

ನಿಜ. ಈ ಹಾಡು ರೆಕಾರ್ಡ್ ಆದಾಗಲೂ ಅವರು ಕಾರ್ಖಾನೆಯ ಕೆಲಸಗಾರರೇ.

ಅವರು ಹುಟ್ಟಿದ್ದು 1938ರ ಜುಲೈ 4ರಂದು, ವೆಸ್ಟ್ ವರ್ಜೀನಿಯಾ ರಾಜ್ಯದ ಸ್ಲ್ಯಾಬ್ ಫೋರ್ಕ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ. ಆರು ಮಕ್ಕಳಲ್ಲಿ ಕೊನೆಯವರು. ಬೆಳೆದಿದ್ದು ಹತ್ತಿರದ ಬೆಕ್ಲಿಯಲ್ಲಿ. 13 ವರ್ಷದವರಿದ್ದಾಗ ತಂದೆ ತೀರಿಕೊಂಡರು. ಚಿಕ್ಕಂದಿನಿಂದ ಉಗ್ಗು ಇತ್ತು. ಹದಿಹರೆಯದಲ್ಲೇ ನೌಕಾಪಡೆ ಸೇರಿ ಒಂಬತ್ತು ವರ್ಷ ಅಲ್ಲಿದ್ದರು. ಆಗ ಸಂಗೀತ ಅವರ ಲೆಕ್ಕದಲ್ಲೇ ಇರಲಿಲ್ಲ.

ಸಂಗೀತದ ಕಡೆ ಹೇಗೆ ಬಂದರು ಅನ್ನುವುದನ್ನು ಅವರೇ ಸಂದರ್ಶನದಲ್ಲಿ ಹೇಳಿದ್ದಾರೆ. ಓಕ್‌ಲ್ಯಾಂಡ್‌ನ ಒಂದು ಕ್ಲಬ್‌ನಲ್ಲಿ ಗಾಯಕ ಲೂ ರಾಲ್ಸ್ ಅವರ ಕಾರ್ಯಕ್ರಮ ಇತ್ತು. ರಾಲ್ಸ್ ಇನ್ನೂ ಬಂದಿರಲಿಲ್ಲ. ವಾರಕ್ಕೆ 2,000 ಡಾಲರ್ ಕೊಟ್ಟರೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಅಂತ ಮ್ಯಾನೇಜರ್ ಗೊಣಗುತ್ತಿದ್ದ. ವಿದರ್ಸ್‌ಗೆ ಆಗ ಗಂಟೆಗೆ 3 ಡಾಲರ್ ಸಂಬಳ. ಆಮೇಲೆ ಅವರು ಗಿರವಿ ಅಂಗಡಿಯಲ್ಲಿ ಅಗ್ಗದ ಗಿಟಾರ್ ಒಂದನ್ನು ಕೊಂಡು ತಾವೇ ಕಲಿತರು. 1967ರಲ್ಲಿ ಲಾಸ್ ಏಂಜಲೀಸ್‌ಗೆ ಹೋದರು. ಹಗಲು ವಿಮಾನದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಬೋಯಿಂಗ್ 747ರ ಟಾಯ್ಲೆಟ್ ಜೋಡಿಸುವ ಕೆಲಸ. ಸಂಬಳದಲ್ಲಿ ಉಳಿಸಿ, ಕಂಪನಿಗಳಿಗೆ ಕೇಳಿಸಲು ಮಾದರಿ ಹಾಡುಗಳ ಡೆಮೊ ಟೇಪ್ ಮಾಡಿಸಿದರು. ಸಸೆಕ್ಸ್ ರೆಕಾರ್ಡ್ಸ್ ಎಂಬ ಚಿಕ್ಕ ಕಂಪನಿಯ ಕ್ಲಾರೆನ್ಸ್ ಅವಾಂಟ್ ಅದನ್ನು ಕೇಳಿ ಒಪ್ಪಂದ ಮಾಡಿಕೊಂಡರು.

ಮೊದಲ ಆಲ್ಬಂ ‘ಜಸ್ಟ್ ಆಸ್ ಐ ಆಮ್’. ಅದರ ಕವರ್ ಫೋಟೋ ನೋಡಿ. ಕಾರ್ಖಾನೆಯ ಗೋಡೆಯ ಹತ್ತಿರ ನಿಂತಿದ್ದಾರೆ, ಕೈಯಲ್ಲಿ ಊಟದ ಡಬ್ಬಿ. ಊಟದ ಬಿಡುವಿನಲ್ಲಿ ತೆಗೆದ ಫೋಟೋ ಅದು. ಆಲ್ಬಂ ಬಂದಾಗ ಅವರಿಗೆ 32 ವರ್ಷ. ಪಾಪ್ ಲೋಕದಲ್ಲಿ ಹೊಸಬನೊಬ್ಬನಿಗೆ ಅದು ತುಂಬಾ ತಡವಾದ ವಯಸ್ಸು. ಆದರೆ ಹಾಡಿಗೆ ಅದರಿಂದಲೇ ಲಾಭವಾಯಿತು ಅಂತ ನನಗೆ ಅನ್ನಿಸುತ್ತದೆ. 20ರ ಹುಡುಗನಾಗಿದ್ದರೆ ಇದನ್ನು ಜಗತ್ತೇ ಮುಳುಗಿದ ಹಾಗೆ ಹಾಡುತ್ತಿದ್ದನೇನೋ. ಈ ಮನುಷ್ಯ ನಾಳೆ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಲೇಬೇಕಾದವನ ಹಾಗೆ ಹಾಡುತ್ತಾನೆ.

ಇದು ಅವರದೇ ಪ್ರೇಮಭಂಗದ ಕಥೆಯಾ?

ಹಾಡಿಗೆ ಪ್ರೇರಣೆ ಒಂದು ಸಿನಿಮಾ ಅಂತ ವಿದರ್ಸ್ ಹೇಳಿದ್ದಾರೆ. ಜ್ಯಾಕ್ ಲೆಮನ್ ಮತ್ತು ಲೀ ರೆಮಿಕ್ ನಟಿಸಿದ, 1962ರ ‘ಡೇಸ್ ಆಫ್ ವೈನ್ ಅಂಡ್ ರೋಸಸ್’. ಕುಡಿತಕ್ಕೆ ಬಿದ್ದ ಗಂಡ ಹೆಂಡತಿಯ ಕಥೆ. ಕುಡಿತ ಬಿಡುತ್ತಾರೆ, ಮತ್ತೆ ಬೀಳುತ್ತಾರೆ. ಅದನ್ನು ಟಿವಿಯಲ್ಲಿ ನೋಡುತ್ತಿದ್ದಾಗ ವಿದರ್ಸ್‌ಗೆ ಒಂದು ಯೋಚನೆ ಬಂತು: ನಮಗೆ ಒಳ್ಳೆಯದಲ್ಲದ್ದನ್ನೂ ನಾವು ಕೆಲವು ಸಲ ಹಂಬಲಿಸುತ್ತೇವೆ.

ಇದು ಗೊತ್ತಾದ ಮೇಲೆ ಹಾಡು ಬೇರೆಯೇ ಥರ ಕೇಳಿಸುತ್ತದೆ. ಮೇಲಿಂದ ನೋಡಿದರೆ ವಿರಹದ ಹಾಡು. ಒಳಗೆ ಚಟದ ಹಾಡೂ ಹೌದು. ಅವಳು ಹೋಗುವುದು ಅವನಿಗೆ ಕತ್ತಲೆ. ಅವಳು ಇರುವುದು ಒಳ್ಳೆಯದಾ? ಅದನ್ನು ಹಾಡು ಎಲ್ಲೂ ಹೇಳುವುದಿಲ್ಲ.

‘ಐ ನೋ’ ಅಂತ ಅಷ್ಟು ಸಲ ಯಾಕೆ ಹೇಳುತ್ತಾರೆ?

ಜನ ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಎರಡನೇ ಚರಣ ಮುಗಿದ ಮೇಲೆ ವಿದರ್ಸ್ ‘ಐ ನೋ’ (ನನಗೆ ಗೊತ್ತು) ಅನ್ನುವ ಎರಡೇ ಮಾತನ್ನು 26 ಸಲ ಹೇಳುತ್ತಾರೆ.

ಅಲ್ಲಿ ಬೇರೆ ಸಾಲು ಬರೆಯುವ ಯೋಚನೆ ಅವರಿಗಿತ್ತು. ಸಾಲು ಇನ್ನೂ ಸಿಕ್ಕಿರಲಿಲ್ಲ, ಜಾಗ ತುಂಬೋಕೆ ಸುಮ್ನೆ ಹಾಗೆ ಹಾಡಿದ್ದರು. ನಿರ್ಮಾಪಕ ಬುಕರ್ ಟಿ. ಜೋನ್ಸ್ ‘ಬೇಡ, ಹಾಗೇ ಬಿಡು’ ಅಂದರು. ಸ್ಟುಡಿಯೊದಲ್ಲಿದ್ದ ಉಳಿದವರ ಅಭಿಪ್ರಾಯವೂ ಅದೇ. ಎಲ್ಲರೂ ಹೆಸರು ಮಾಡಿದ, ಅನುಭವಸ್ಥ ಸಂಗೀತಗಾರರು. ತಾನೋ ಕಾರ್ಖಾನೆಯಿಂದ ಬಂದವನು. ಅಷ್ಟು ಜನ ಹೇಳಿದಾಗ ಹಾಗೇ ಬಿಟ್ಟೆ ಅಂತ ವಿದರ್ಸ್ ನೆನಪಿಸಿಕೊಂಡಿದ್ದಾರೆ. ಅವತ್ತು ಆ ಮಾತು ಕೇಳಿದ್ದು ನಮ್ಮೆಲ್ಲರ ಪುಣ್ಯ.

ಈಗ ಆ ಭಾಗವನ್ನು ಸರಿಯಾಗಿ ಕೇಳಿ, ಹೆಡ್‌ಫೋನ್ ಇದ್ದರೆ ಇನ್ನೂ ಒಳ್ಳೆಯದು. ಗಿಟಾರ್, ಪಿಟೀಲು ಎಲ್ಲ ಹಿಂದೆ ಸರಿಯುತ್ತವೆ. ದನಿಯ ಕೆಳಗೆ ತಾಳ ಮಾತ್ರ ಉಳಿಯುತ್ತದೆ. ಮೊದಲ ಕೆಲವು ಸಲ ಅದು ಮಾತಿನ ಹಾಗೇ ಕೇಳಿಸುತ್ತದೆ: ಯಾರೋ ಬುದ್ಧಿ ಹೇಳುತ್ತಿದ್ದಾರೆ, ಇವನು ‘ಗೊತ್ತು, ಗೊತ್ತು’ ಅಂತ ತಡೆಯುತ್ತಿದ್ದಾನೆ. ಹೋಗ್ತಾ ಹೋಗ್ತಾ ಮಾತಿನ ಅರ್ಥ ಸವೆದು ಬರೀ ಲಯ ಆಗುತ್ತದೆ. ಹತ್ತು ಸಲ ಆದ ಮೇಲೂ ನಿಲ್ಲುವುದಿಲ್ಲ. ಇನ್ನೇನು ಸಾಕು ಅನ್ನಿಸುವ ಹೊತ್ತಿಗೆ ಇನ್ನೂ ಮುಂದುವರಿಯುತ್ತದೆ. ಕೇಳುವವರಿಗೆ ಸ್ವಲ್ಪ ಮುಜುಗರ ಆಗುವಷ್ಟು ಉದ್ದ.

ಅದರ ನಂತರ ಬರುವುದನ್ನು ಜನ ಜಾಸ್ತಿ ಗಮನಿಸುವುದಿಲ್ಲ. 26 ಸಲ ‘ಗೊತ್ತು’ ಅಂದವನು ಕೊನೆಗೆ ಒಂದು ತೀರ್ಮಾನಕ್ಕೆ ಬರುತ್ತಾನೆ: ಅವಳನ್ನು ಅವಳ ಪಾಡಿಗೆ ಬಿಟ್ಟುಬಿಡಬೇಕು. ಸರಿ. ಆದರೆ ಆ ಮಾತು ಮುಗಿಯುತ್ತಿದ್ದ ಹಾಗೇ, ಉಸಿರು ಎಳೆದುಕೊಳ್ಳುವಷ್ಟು ಹೊತ್ತಿನಲ್ಲಿ, ಹಾಡಿನ ಮೊದಲ ಸಾಲಿಗೇ ವಾಪಸ್. ಬಿಸಿಲಿಲ್ಲ. ತೀರ್ಮಾನ ಒಂದು ಸಾಲೂ ಬಾಳಲಿಲ್ಲ. ಎಲ್ಲ ಗೊತ್ತಿದೆ, ಗೊತ್ತಿರುವುದರಿಂದ ಏನೂ ಪ್ರಯೋಜನವಿಲ್ಲ. ಸೋಲ್ ಸಂಗೀತದಲ್ಲಿ ಪ್ರೀತಿಯ ಬಗ್ಗೆ ಸಾವಿರಾರು ಹಾಡುಗಳಿವೆ. ಇಷ್ಟು ನಿಜವಾದ ಅರ್ಧ ನಿಮಿಷ ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ.

ಆ ಭಾಗಕ್ಕೂ ಅವರ ಉಗ್ಗಿಗೂ ಸಂಬಂಧ ಇದೆಯಾ?

ಹಾಗೆ ಊಹಿಸುವವರಿದ್ದಾರೆ. ಆದರೆ ವಿದರ್ಸ್ ಸ್ವತಃ ಹೇಳಿದ ಕಾರಣ ಮೇಲಿನದ್ದು. ಬರೆದವನೇ ಕಾರಣ ಹೇಳಿರುವಾಗ ಇನ್ನೊಂದನ್ನು ಕಟ್ಟುವುದು ಬೇಡ. ಉಗ್ಗಿದ್ದ ಮನುಷ್ಯನಿಗೆ ಒಂದೊಂದು ಮಾತಿನ ಬೆಲೆ ಗೊತ್ತಿತ್ತು ಅನ್ನುವಷ್ಟನ್ನು ಮಾತ್ರ ನಾನು ಒಪ್ಪುತ್ತೇನೆ. ಅವರ ಎಲ್ಲ ಹಾಡುಗಳಲ್ಲೂ ಮಾತು ಕಡಿಮೆ, ಸರಳ.

ರೆಕಾರ್ಡಿಂಗ್‌ನಲ್ಲಿ ಯಾರು ಯಾರು ನುಡಿಸಿದ್ದಾರೆ?

ಬುಕರ್ ಟಿ. ಜೋನ್ಸ್ ನಿರ್ಮಾಪಕರು. ಮೆಂಫಿಸ್ ಊರಿನ ಸ್ಟ್ಯಾಕ್ಸ್ ರೆಕಾರ್ಡ್ ಕಂಪನಿಯ ಖಾಯಂ ಬ್ಯಾಂಡ್ ಆಗಿದ್ದ ‘ಬುಕರ್ ಟಿ. ಅಂಡ್ ದಿ ಎಂ.ಜಿ.ಸ್’ ಅವರದೇ. ಅದೇ ಬ್ಯಾಂಡಿನ ಡೊನಾಲ್ಡ್ ‘ಡಕ್’ ಡನ್ ಬೇಸ್ ನುಡಿಸಿದರು, ಆಲ್ ಜ್ಯಾಕ್ಸನ್ ಜೂನಿಯರ್ ಡ್ರಮ್ಸ್. ಗಿಟಾರ್‌ಗೆ ಸ್ಟೀಫನ್ ಸ್ಟಿಲ್ಸ್ ಬಂದಿದ್ದರು. ಗಾಯಕ ಗ್ರಹಾಂ ನ್ಯಾಶ್ ಎದುರಿಗೆ ಕೂತು ಧೈರ್ಯ ತುಂಬುತ್ತಿದ್ದರು.

ಬುಕರ್ ಟಿ. ಹೇಳಿದ ಒಂದು ಪ್ರಸಂಗ ನನಗೆ ತುಂಬಾ ಇಷ್ಟ. ವಿದರ್ಸ್ ಕಾರ್ಖಾನೆಯಿಂದ ನೇರ ಸ್ಟುಡಿಯೊಗೆ ಬಂದರು. ಕಾಲಲ್ಲಿ ಕೆಲಸದ ಬೂಟು, ಕೈಯಲ್ಲಿ ಹಾಡು ಬರೆದ ನೋಟ್‌ಬುಕ್. ಅಲ್ಲಿ ಸೇರಿದ್ದವರನ್ನೆಲ್ಲ ನೋಡಿ ಬುಕರ್ ಅವರನ್ನು ಪಕ್ಕಕ್ಕೆ ಕರೆದು ಕೇಳಿದರು: ಈ ಹಾಡುಗಳನ್ನು ಹಾಡೋದು ಯಾರು? ‘ನೀನೇ’ ಅಂದರು ಬುಕರ್. ಹಾಡೋಕೆ ಬೇರೆ ಯಾರೋ ಬರುತ್ತಾರೆ ಅಂದುಕೊಂಡಿದ್ದರಂತೆ.

ಇದು ‘ಬಿ ಸೈಡ್’ ಹಾಡು ಆಗಿತ್ತಾ?

ಹೌದು. ಬದಿಗೊಂದು ಹಾಡಿರುವ ಸಿಂಗಲ್ ರೆಕಾರ್ಡಿನ ಮುಖ್ಯ ಬದಿಯಲ್ಲಿ ಇದ್ದದ್ದು ‘ಹಾರ್ಲೆಮ್’. ಇದು ಹಿಂಬದಿಯಲ್ಲಿತ್ತು. ರೇಡಿಯೊ ಡಿಜೆಗಳು ರೆಕಾರ್ಡ್ ತಿರುಗಿಸಿ ಇದನ್ನೇ ಹಾಕತೊಡಗಿದರು. 1971ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 3ನೇ ಸ್ಥಾನ ತಲುಪಿತು. ಮರುವರ್ಷ ಅತ್ಯುತ್ತಮ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಹಾಡು ಅಂತ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಹಾಡು ಮಾರಾಟದಲ್ಲಿ ‘ಗೋಲ್ಡ್’ ಮಟ್ಟ ಮುಟ್ಟಿದಾಗ ರೆಕಾರ್ಡ್ ಕಂಪನಿಯವರು ವಿದರ್ಸ್‌ಗೆ ಚಿನ್ನದ ಬಣ್ಣದ ಟಾಯ್ಲೆಟ್ ಸೀಟನ್ನು ಉಡುಗೊರೆಯಾಗಿ ಕೊಟ್ಟರು.

ಸೋಲ್ ಅಂದರೆ ಎದೆ ಬಿರಿಯುವ ಹಾಗೆ ಜೋರಾಗಿ ಹಾಡೋದು ಅಲ್ವಾ? ಇದರಲ್ಲಿ ಅದೆಲ್ಲಿದೆ?

ಒಳ್ಳೆಯ ಪ್ರಶ್ನೆ. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಹಾಡುವ ಗಾಸ್ಪೆಲ್ ಮತ್ತು ಕ್ಲಬ್‌ಗಳ ರಿದಮ್ ಅಂಡ್ ಬ್ಲೂಸ್ ಸೇರಿ 1950ರ ದಶಕದಲ್ಲಿ ಸೋಲ್ ರೂಪುಗೊಂಡಿತು. ರೇ ಚಾರ್ಲ್ಸ್, ಸ್ಯಾಮ್ ಕುಕ್ ಮೊದಲ ಸಾಲಿನವರು. 1960ರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್, ಮೆಂಫಿಸ್‌ನ ಸ್ಟ್ಯಾಕ್ಸ್, ಅಲಬಾಮಾದ ಮಸಲ್ ಶೋಲ್ಸ್ ಇದರ ದೊಡ್ಡ ಕೇಂದ್ರಗಳಾದವು. ಆ ಕಾಲದ ಸೋಲ್ ಬ್ಯಾಲಡ್ ಹೀಗಿರುತ್ತಿತ್ತು: ನಿಧಾನದ ನಡೆ, ಹಿಂದೆ ಆರ್ಗನ್, ಕಹಳೆಗಳು, ಮೆಲ್ಲಗೆ ಶುರುವಾಗಿ ಕೊನೆಗೆ ಅಂಗಲಾಚುವ ಮಟ್ಟಕ್ಕೆ ಏರುವ ದನಿ. ಓಟಿಸ್ ರೆಡಿಂಗ್ ಅವರ 1965ರ ‘ಐವ್ ಬೀನ್ ಲವಿಂಗ್ ಯು ಟೂ ಲಾಂಗ್’ ಕೇಳಿದರೆ ಆ ಏರಿಕೆ ಏನು ಅಂತ ಗೊತ್ತಾಗುತ್ತದೆ. ಅದೂ ಅದ್ಭುತ.

ವಿದರ್ಸ್ ಆ ದಾರಿ ಹಿಡಿಯಲಿಲ್ಲ. ಅವರ ಕೈಯಲ್ಲಿ ಅಕೌಸ್ಟಿಕ್ ಗಿಟಾರ್ ಇತ್ತು. ಹಾಡಿನಲ್ಲಿ ಹಳ್ಳಿಗಾಡಿನ ಜಾನಪದದ ನೇರತನ ಇದೆ, ಜೊತೆಗೆ ಬ್ಲೂಸ್‌ನ, ಅಂದರೆ ಕಪ್ಪು ಜನರ ಹಳೆಯ ದುಃಖದ ಹಾಡುಗಳ, ಭಾರ. ಕಹಳೆಗಳಿಲ್ಲ. ಕೊನೆಯಲ್ಲೂ ದನಿ ಕಿರುಚಾಟಕ್ಕೆ ಏರುವುದಿಲ್ಲ. ಆದರೂ ಇದು ಸೋಲ್ ಹಾಡೇ. ಸಾಲಿನ ಕೊನೆಯ ಮಾತನ್ನು ಎಳೆಯುವ ರೀತಿ, ಒಂದು ಅಕ್ಷರವನ್ನು ಸ್ವರದಿಂದ ಸ್ವರಕ್ಕೆ ಬಾಗಿಸುವ ರೀತಿ, ಎಲ್ಲ ಅದೇ ಚರ್ಚಿನ ಗಾಯನದಿಂದ ಬಂದದ್ದು. ನೋವು ಕಡಿಮೆ ಆಗಿಲ್ಲ. ತಡೆದಿಟ್ಟಿದ್ದಾರೆ.

ಪಲ್ಲವಿ ಎಲ್ಲಿದೆ?

ಪಾಪ್ ಹಾಡುಗಳಲ್ಲಿ ಇರುವಂಥ ಪಲ್ಲವಿ ಇದರಲ್ಲಿಲ್ಲ. ಮೂರು ಚರಣ, ನಡುವೆ ಆ ‘ಐ ನೋ’ ಭಾಗ, ಅಷ್ಟೇ. ಮುನ್ನುಡಿಯ ಸಂಗೀತವೂ ಇಲ್ಲ. ಪ್ಲೇ ಒತ್ತಿದ ತಕ್ಷಣ ದನಿಯೇ ಬರುತ್ತದೆ, ಮಾತಿನ ಮಧ್ಯೆ ನಾವು ಒಳಗೆ ಕಾಲಿಟ್ಟ ಹಾಗೆ. ಬುಕರ್ ಟಿ. ಅವರ ಪಿಟೀಲುಗಳು ಸ್ವಲ್ಪ ತಡವಾಗಿ ಸೇರುತ್ತವೆ, ಯಾವತ್ತೂ ದನಿಯನ್ನು ಮುಚ್ಚುವುದಿಲ್ಲ. ಕೊನೆಗೆ ಒಂದೇ ಸಾಲನ್ನು ಹಲವು ಸಲ ಹೇಳಿ ನಿಲ್ಲಿಸುತ್ತಾರೆ.

ಕೇಳುವಾಗ ಯಾವುದೋ ರಾಗದ ಹಾಗಿದೆಯಲ್ಲ?

ನಿಮ್ಮ ಕಿವಿ ಸರಿಯಾಗಿಯೇ ಹೇಳುತ್ತಿದೆ. ಹಾಡುವ ಮಟ್ಟು ಹೆಚ್ಚಾಗಿ ಮೈನರ್ ಪೆಂಟಾಟೋನಿಕ್ ಎಂಬ ಐದು ಸ್ವರಗಳ ಮೇಲೆ ನಿಂತಿದೆ. ಬ್ಲೂಸ್‌ನ ಬುನಾದಿಯೂ ಅದೇ. ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಅವು ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ಅಂದರೆ ಶುದ್ಧ ಧನ್ಯಾಸಿಯ ಸ್ವರಗಳು. ಹಿಂದೂಸ್ತಾನಿಯ ಧಾನಿ ರಾಗದ ಸ್ವರಗಳೂ ಇವೇ. ಆ ರಾಗ ಕೇಳಿ ಬೆಳೆದವರಿಗೆ ಈ ಹಾಡು ಮೊದಲ ಸಲಕ್ಕೇ ಪರಿಚಯದ್ದು ಅನ್ನಿಸುವುದಕ್ಕೆ ಇದೊಂದು ಕಾರಣ.

ಹಾಗಂತ ಇದು ಆ ರಾಗದಲ್ಲಿದೆ ಅಂತ ಹೇಳಬೇಡಿ. ರಾಗಕ್ಕೆ ತನ್ನದೇ ಸಂಚಾರ, ಗಮಕ ಇರುತ್ತವೆ. ಇಲ್ಲಿ ಸ್ವರ ಬಾಗುವ ರೀತಿ ಬ್ಲೂಸ್‌ನದ್ದು. ಹಾಡಿನ ಹಿಂದೆ ನುಡಿಸುವ ಕಾರ್ಡ್‌ಗಳಲ್ಲಿ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಈ ಐದರ ಹೊರಗಿನ ಸ್ವರವೂ ಬರುತ್ತದೆ.

ಗಿಟಾರ್ ಕಲಿಯುತ್ತಿದ್ದೇನೆ. ನುಡಿಸಬಹುದಾ?

ಖಂಡಿತ. ಎ ಮೈನರ್, ಇ ಮೈನರ್, ಜಿ, ಡಿ ಮೈನರ್. ನಾಲ್ಕು ಕಾರ್ಡ್ ಬಂದರೆ ಸಾಕು. ನಾಲ್ಕು ಎಣಿಕೆಯ ತಾಳ, ನಿಧಾನದ ನಡೆ. ಕಷ್ಟ ಇರುವುದು ಬೆರಳಲ್ಲಿ ಅಲ್ಲ, ಖಾಲಿ ಜಾಗದಲ್ಲಿ. ಸಾಲು ಮುಗಿದ ಮೇಲೆ ಬರುವ ಬಿಡುವನ್ನು ತುಂಬಲು ಕೈ ತುರಿಸುತ್ತದೆ. ತುಂಬಬೇಡಿ. ‘ಐ ನೋ’ ಭಾಗದಲ್ಲಿ ಗಿಟಾರ್ ಪೂರ್ತಿ ನಿಲ್ಲಿಸಿ, ಕಾಲಲ್ಲಿ ತಾಳ ಹಾಕಿ. ಎಣಿಸುತ್ತಾ ಹಾಡಿದರೆ ಎಣಿಕೆ ದನಿಯಲ್ಲಿ ಕೇಳಿಸಿಬಿಡುತ್ತದೆ. ಅದಕ್ಕೇ ಮೊದಲು ರೆಕಾರ್ಡ್ ಜೊತೆ ಹಾಡಿ ಅಭ್ಯಾಸ ಮಾಡಿ.

ಬೇರೆ ಯಾರು ಹಾಡಿದ್ದಾರೆ?

ತುಂಬಾ ಜನ. ಎಲ್ಲರಿಗೂ ಗೊತ್ತಿರುವುದು ಮೈಕಲ್ ಜ್ಯಾಕ್ಸನ್ ಅವರದ್ದು, 1972ರ ‘ಗಾಟ್ ಟು ಬಿ ದೇರ್’ ಆಲ್ಬಂನಲ್ಲಿದೆ. ಆಗ ಅವರಿಗೆ 13 ವರ್ಷ. ಬ್ರಿಟನ್ನಿನಲ್ಲಿ ಟಾಪ್ 10ಕ್ಕೆ ಹೋದ ಸಿಂಗಲ್ ಅದು. ಹಾಡಿಗೆ ಮುಂಚೆ ಸ್ವಲ್ಪ ಮಾತು ಸೇರಿಸಿದ್ದಾರೆ. ದನಿ ಬೆರಗು ಹುಟ್ಟಿಸುತ್ತದೆ. ಆದರೂ ಬದುಕಿನ ಪೆಟ್ಟು ತಿಂದವನು ಹೇಳಬೇಕಾದ ಮಾತು ಇದು, 13ರ ಹುಡುಗನ ಬಾಯಲ್ಲಿ ಪೂರ್ತಿ ಕೂರುವುದಿಲ್ಲ.

ನನ್ನ ಮೆಚ್ಚಿನದು ಬ್ಲೂಸ್ ಗಿಟಾರ್ ವಾದಕ ಫ್ರೆಡ್ಡಿ ಕಿಂಗ್ ಅವರದ್ದು. ಅಲ್ಲಿ ಗಿಟಾರೇ ಅಳುತ್ತದೆ. ಜಮೈಕಾದ ಹೊರೇಸ್ ಆಂಡಿ ಇದನ್ನು ಅಲ್ಲಿನ ರೆಗ್ಗೆ ಶೈಲಿಗೆ ತಂದರು, ಬ್ರೆಜಿಲ್‌ನ ಸಿವುಕ ತಮ್ಮ ದೇಶದ ಲಯಕ್ಕೆ ತಂದರು. ಇಷ್ಟು ದೇಶಗಳ ಸಂಗೀತಗಾರರು ಎತ್ತಿಕೊಳ್ಳುವುದಕ್ಕೆ ಕಾರಣ, ಹಾಡಿನಲ್ಲಿ ಜಾಗ ಖಾಲಿ ಇದೆ. ಬಂದವರು ತಮ್ಮದನ್ನು ಇಡಬಹುದು.

ಯಾವುದೋ ಸಿನಿಮಾದಲ್ಲಿ ಕೇಳಿದ ನೆನಪು.

ಬಹುಶಃ 1999ರ ‘ನಾಟಿಂಗ್ ಹಿಲ್’. ಹ್ಯೂ ಗ್ರಾಂಟ್ ಲಂಡನ್‌ನ ಪೋರ್ಟೊಬೆಲೊ ರಸ್ತೆಯ ಮಾರ್ಕೆಟ್‌ನಲ್ಲಿ ನಡೆಯುತ್ತಾ ಹೋಗುತ್ತಾರೆ. ಒಂದೇ ನಡಿಗೆಯಲ್ಲಿ ಬಿಸಿಲು, ಮಳೆ, ಹಿಮ, ಮತ್ತೆ ಬಿಸಿಲು, ಇಡೀ ವರ್ಷ ಕಳೆಯುತ್ತದೆ. ಹಿಂದೆ ಈ ಹಾಡು. ಈಗಿನ ಎಷ್ಟೋ ಕೇಳುಗರಿಗೆ ಇದರ ಪರಿಚಯ ಆಗಿದ್ದೇ ಅಲ್ಲಿ.

ಹಾಡುವವನು ಅವಳನ್ನು ‘ಯಂಗ್ ಥಿಂಗ್’ ಅನ್ನುತ್ತಾನೆ. ಅದು ಸರಿಯಾ?

ಆ ಕಾಲದ ಬ್ಲೂಸ್ ಮತ್ತು ಸೋಲ್ ಹಾಡುಗಳಲ್ಲಿ ಹೆಣ್ಣನ್ನು ಹಾಗೆ, ‘ಎಳೆಯ ವಸ್ತು’ ಅನ್ನುವ ಹಾಗೆ, ಕರೆಯುವುದು ರೂಢಿಯಲ್ಲಿತ್ತು. ಇವತ್ತು ಕಿವಿಗೆ ಸ್ವಲ್ಪ ಚುಚ್ಚುತ್ತದೆ, ಒಪ್ಪುತ್ತೇನೆ. ಆದರೆ ಆ ಸಾಲು ಹೇಳುವುದು ಅವಳನ್ನು ಅವಳ ಪಾಡಿಗೆ ಬಿಡಬೇಕು ಅಂತ. ಸಾಲಿನ ಭಾರ ಇರುವುದು ಅಲ್ಲೇ.

50 ವರ್ಷ ದಾಟಿದರೂ ಜನ ಇದನ್ನೇ ಯಾಕೆ ಕೇಳುತ್ತಾರೆ?

2024ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಹಾಡನ್ನು ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿತು. ಅದು ಅಧಿಕೃತ ಗೌರವ. ಜನ ಕೇಳುವುದಕ್ಕೆ ಕಾರಣ ಬೇರೆ.

ಪ್ರೀತಿ ಕಳೆದುಕೊಂಡವರಿಗೆ ಸುತ್ತಲಿನವರು ಬುದ್ಧಿ ಹೇಳುತ್ತಾರೆ. ಮರೆತುಬಿಡು, ನಿನಗೆ ಅದು ಒಳ್ಳೆಯದಲ್ಲ, ಮುಂದೆ ನೋಡು. ಎಲ್ಲ ಸರಿಯಾದ ಮಾತೇ. ಹೇಳುವವರಿಗೂ ಪ್ರೀತಿ ಇರುತ್ತದೆ. ಆದರೆ ಕೇಳಿಸಿಕೊಳ್ಳುವವನಿಗೆ ಅದೆಲ್ಲ ಮೊದಲೇ ಗೊತ್ತಿರುತ್ತದೆ. ಬೇಕಾಗಿರುವುದು ಬುದ್ಧಿಮಾತು ಅಲ್ಲ, ತನಗೆ ಗೊತ್ತು ಅನ್ನುವುದನ್ನು ನಂಬುವ ಒಬ್ಬ ಮನುಷ್ಯ. ಈ ಹಾಡು ಬುದ್ಧಿ ಹೇಳುವುದಿಲ್ಲ, ಸಮಾಧಾನವನ್ನೂ ಮಾಡುವುದಿಲ್ಲ. ‘ನನಗೂ ಹೀಗೇ’ ಅನ್ನುತ್ತದೆ.

ವಿವರ ಇಲ್ಲದಿರುವುದೂ ದೊಡ್ಡ ಸಹಾಯ. ಹಾಡಿನಲ್ಲಿ 1971ಕ್ಕೆ ಸೇರಿದ್ದು ಏನೂ ಇಲ್ಲ. ಕಾರಿಲ್ಲ, ಫೋನಿಲ್ಲ, ಊರಿನ ಹೆಸರಿಲ್ಲ. ಬಿಸಿಲು, ಕತ್ತಲೆ, ಮನೆ, ಹೋಗುವುದು. ಗಂಡ ಹೆಂಡತಿಯ ನಡುವಿನ ಹಾಡು ಅಂತ ಕೇಳುವವರಿದ್ದಾರೆ. ತೀರಿಹೋದವರ ನೆನಪಿನಲ್ಲಿ ಕೇಳುವವರೂ ಇದ್ದಾರೆ. ಎರಡಕ್ಕೂ ಹಾಡು ಜಾಗ ಕೊಡುತ್ತದೆ.

ವಿದರ್ಸ್ ಹಾಡೋದನ್ನು ಯಾಕೆ ನಿಲ್ಲಿಸಿದರು?

ಕೊನೆಯ ಆಲ್ಬಂ ಬಂದಿದ್ದು 1985ರಲ್ಲಿ. ಸಸೆಕ್ಸ್ ಮುಚ್ಚಿದ ಮೇಲೆ ಅವರು ದೊಡ್ಡ ರೆಕಾರ್ಡ್ ಕಂಪನಿಯೊಂದಕ್ಕೆ ಹೋಗಿದ್ದರು. ಹೇಗೆ ಹಾಡಬೇಕು ಅಂತ ಹೇಳಿಕೊಡಲು ಬರುವವರ ಜೊತೆ ಅವರಿಗೆ ಹೊಂದಲಿಲ್ಲ. 30 ದಾಟುವವರೆಗೆ ಸಾಮಾನ್ಯ ಕೆಲಸಗಾರನ ಬದುಕು ನಡೆಸಿದವರು, ಅದಕ್ಕೆ ವಾಪಸ್ ಹೋಗುವುದು ಅವರಿಗೆ ಸೋಲು ಅನ್ನಿಸಲಿಲ್ಲ. 2015ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದಾಗ ಸ್ಟೀವಿ ವಂಡರ್ ಅವರನ್ನು ಬರಮಾಡಿಕೊಂಡರು. 2020ರ ಮಾರ್ಚ್ 30ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. 81 ವರ್ಷ ಆಗಿತ್ತು.

ಇದು ಇಷ್ಟ ಆಯ್ತು. ಮುಂದೆ ಏನು ಕೇಳಲಿ?

‘ಜಸ್ಟ್ ಆಸ್ ಐ ಆಮ್’ ಆಲ್ಬಂ ಪೂರ್ತಿ ಕೇಳಿ. ಅದರಲ್ಲಿರುವ ‘ಹೋಪ್ ಶೀಲ್ ಬಿ ಹ್ಯಾಪಿಯರ್’ ಕೂಡ ಬಿಟ್ಟುಹೋದವಳ ಬಗ್ಗೆಯೇ, ಇದಕ್ಕಿಂತ ಒಂಟಿ. ಅಜ್ಜಿಯ ಬಗ್ಗೆ ಬರೆದ ‘ಗ್ರ್ಯಾಂಡ್ಮಾಸ್ ಹ್ಯಾಂಡ್ಸ್’ ಕೂಡ ಅಲ್ಲೇ ಇದೆ. ಆಮೇಲೆ 1972ರ ‘ಸ್ಟಿಲ್ ಬಿಲ್’, 1973ರ ಕಾರ್ನೆಗಿ ಹಾಲ್ ಕಛೇರಿಯ ಆಲ್ಬಂ. ಬಿಬಿಸಿಗಾಗಿ ಹಾಡಿದ ವಿಡಿಯೊ ಸಿಕ್ಕರೆ ಬಿಡಬೇಡಿ. ಮುಖದ ಮೇಲೆ ಬೆವರು, ಕೈಯಲ್ಲಿ ಗಿಟಾರ್, ಹಿಂದೆ ಜೇಮ್ಸ್ ಗ್ಯಾಡ್ಸನ್ ಡ್ರಮ್ಸ್.

ಬೇರೆಯವರ ಬ್ಯಾಲಡ್ ಬೇಕಿದ್ದರೆ ಎಟ್ಟಾ ಜೇಮ್ಸ್ 1967ರಲ್ಲಿ ಹಾಡಿದ ‘ಐಡ್ ರಾದರ್ ಗೋ ಬ್ಲೈಂಡ್’ ಮೊದಲು. ಅದರ ನಂತರ ಜಿಮ್ಮಿ ರಫಿನ್ ಅವರ ‘ವಾಟ್ ಬಿಕಮ್ಸ್ ಆಫ್ ದಿ ಬ್ರೋಕನ್‌ಹಾರ್ಟೆಡ್’. ಎರಡನ್ನೂ ಒಂದೇ ಸಂಜೆ ಕೇಳುವುದು ಸ್ವಲ್ಪ ಭಾರ ಆಗಬಹುದು. ಒಂದೊಂದು ದಿನಕ್ಕೆ ಒಂದೊಂದು ಸಾಕು.